ಇಂಗ್ಲಿಷ್ ನೋಡಿದೆ, ಕೆಲಸ ನೋಡಲಿಲ್ಲ

ಸಂಜೆ ಆರೂವರೆಗೆ ಕೆಂಪಾಪುರದ ಬಸ್ ಸ್ಟಾಪಿನಲ್ಲಿ ಒಮ್ಮೆ ನಿಂತು ನೋಡಿ. ನಾಗವಾರದ ಕಡೆಯಿಂದ ಕ್ಯಾಬುಗಳು, ಬಿಎಂಟಿಸಿ ಬಸ್ಸುಗಳು ಒಂದರ ಹಿಂದೊಂದು ತೆವಳುತ್ತಾ ಬರುತ್ತವೆ. ಮಾನ್ಯತಾ ಟೆಕ್ ಪಾರ್ಕಿನಿಂದ ಹೊರಬಿದ್ದವರ ಕೊರಳಲ್ಲಿ ಐಡಿ ಕಾರ್ಡ್, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ನಾಲ್ಕು ವರ್ಷದ ಹಿಂದೆ ಹಿರಿಯೂರಿನಿಂದ ಬಂದು ಹೆಬ್ಬಾಳದಲ್ಲಿ ಬಸ್ಸಿಳಿದಾಗ ನನಗೂ ಅಂಥದ್ದೊಂದು ಕಾರ್ಡು ಬೇಕಿತ್ತು. ಸಿಕ್ಕಿದ್ದು ಗಾಜಿನ ಕಟ್ಟಡದಲ್ಲಲ್ಲ, ಇಲ್ಲೇ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ನಲವತ್ತು ಜನರ ಸಣ್ಣ ಸಾಫ್ಟ್‌ವೇರ್ ಕಂಪನಿ, ಟೆಸ್ಟಿಂಗ್ ಕೆಲಸ.

ಅದಕ್ಕೂ ಮೊದಲು ಒಂಬತ್ತು ಇಂಟರ್‌ವ್ಯೂಗಳಲ್ಲಿ ಸೋತಿದ್ದೆ. 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಎಂದೊಡನೆ ನಾಲಿಗೆ ಒಣಗುತ್ತಿತ್ತು. ಇಲ್ಲಿ ನಮ್ಮ ಸರ್ ಅದನ್ನು ಕೇಳಲೇ ಇಲ್ಲ. ಒಂದು ಕಂಪ್ಯೂಟರ್ ಮುಂದೆ ಕೂರಿಸಿ, 'ಈ ಟಿಕೆಟ್ ಬುಕಿಂಗ್ ಪುಟದಲ್ಲಿ ತಪ್ಪುಗಳಿವೆ. ಅರ್ಧ ಗಂಟೆ ಟೈಮು, ಹುಡುಕಿ ಬರೆದಿಡು' ಅಂದರು. ಎಲ್ಲವೂ ಸಿಗಲಿಲ್ಲ. ಒಂದು ಕಡೆ ಮಾತ್ರ 'ಇದು ತಪ್ಪೋ, ಬೇಕೆಂದೇ ಹೀಗೆ ಮಾಡಿದ್ದೋ ಗೊತ್ತಾಗಲಿಲ್ಲ' ಎಂದು ಬರೆದಿದ್ದೆ. ಆ ಸಾಲಿನ ಮೇಲೆ ಬೆರಳಿಟ್ಟು ಸರ್ ನಕ್ಕರು. ಮರುದಿನವೇ ಕೆಲಸಕ್ಕೆ ಬರಲು ಹೇಳಿದರು.

ಪ್ರತಿ ಶುಕ್ರವಾರ ಸಂಜೆ ಅವರು ಅರ್ಧ ಗಂಟೆ ನಮ್ಮೊಂದಿಗೆ ಕೂರುತ್ತಿದ್ದರು. ಈ ವಾರ ಚೆನ್ನಾಗಿ ಮಾಡಿದ್ದೇನು, ಎಡವಿದ್ದೆಲ್ಲಿ, ಮುಂದಿನ ವಾರ ಕಲಿಯುವುದೇನು ಎಂದಷ್ಟೇ ಮಾತು. ಎರಡನೇ ವರ್ಷ ಬೇರೆ ಕಂಪನಿಯೊಂದು ನಾಲ್ಕು ಸಾವಿರ ಹೆಚ್ಚು ಕೊಡುತ್ತೇವೆಂದು ಕರೆಯಿತು. ಪಿಜಿ ಬಾಡಿಗೆ, ಊರಿಗೆ ಕಳಿಸುವ ದುಡ್ಡು ಎಲ್ಲ ಲೆಕ್ಕ ಹಾಕಿದೆ. ಆದರೂ ಹೋಗಲಿಲ್ಲ. ಶುಕ್ರವಾರದ ಆ ಅರ್ಧ ಗಂಟೆ ಅಲ್ಲಿ ಸಿಗುವ ಖಾತ್ರಿ ಇರಲಿಲ್ಲ.

ಕಳೆದ ವರ್ಷ ಸರ್ ಕೆಲಸ ಬಿಟ್ಟು ತಮ್ಮೂರಿಗೆ ಹೋದರು. ಅವರ ಕುರ್ಚಿ ನನಗೆ ಬಂತು. ಮೊದಲ ತಿಂಗಳಲ್ಲೇ ಒಬ್ಬರನ್ನು ಆರಿಸುವ ಜವಾಬ್ದಾರಿಯೂ ಬಂತು.

ಕೊನೆಗೆ ಇಬ್ಬರು ಉಳಿದರು. ಒಬ್ಬ ನಗರದ ಹುಡುಗ, ಅರಳು ಹುರಿದಂತೆ ಇಂಗ್ಲಿಷ್. ಇನ್ನೊಬ್ಬಳು ತುಮಕೂರು ಕಡೆಯ ಹುಡುಗಿ. ಎರಡು ವಾಕ್ಯಕ್ಕೊಮ್ಮೆ ತಡವರಿಸಿ, ನೀರಿನ ಬಾಟಲಿ ಹಿಡಿದು ಕೂತಿದ್ದಳು. ನಾನು ಯಾವ ಪುಟವನ್ನೂ ಅವರ ಮುಂದೆ ಇಡಲಿಲ್ಲ. ಹತ್ತು ನಿಮಿಷ ಮಾತಾಡಿಸಿ ಹುಡುಗನನ್ನು ಆರಿಸಿದೆ. ನಾಲ್ಕು ವರ್ಷದ ಹಿಂದೆ ನನ್ನನ್ನು ಒಂಬತ್ತು ಕಡೆ ಹೊರಗೆ ಕಳಿಸಿದ ಪ್ರಶ್ನೆಯನ್ನೇ ನಾನೂ ಕೇಳಿದ್ದೆ. ಆಗ ಅದು ಹೊಳೆಯಲೂ ಇಲ್ಲ.

ನಾಲ್ಕು ತಿಂಗಳಿಗೆ ಹುಡುಗ ರಾಜೀನಾಮೆ ಕೊಟ್ಟ. ನನಗೆ ಸಿಟ್ಟು ಬಂತು. ಕಲಿಸಿದ ಸಮಯ, ಮತ್ತೆ ಹುಡುಕುವ ತಲೆನೋವು ಎಲ್ಲ ಹೇಳಿಕೊಂಡೆ. ಅವನು ಸಮಾಧಾನದಿಂದಲೇ ಅಂದ: 'ನಾಲ್ಕು ತಿಂಗಳಲ್ಲಿ ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ಒಬ್ಬರೂ ಹೇಳಲಿಲ್ಲ.' ನಿಜ. ಕೆಲಸದ ಒತ್ತಡವೆಂದು ಶುಕ್ರವಾರದ ಅರ್ಧ ಗಂಟೆಯನ್ನು ನಾನೇ ನಿಲ್ಲಿಸಿದ್ದೆ. ತಪ್ಪಾಗಿ ಆರಿಸಿದ್ದು ಒಂದು ತಪ್ಪು, ಆರಿಸಿದವನನ್ನು ಮರೆತದ್ದು ಇನ್ನೂ ದೊಡ್ಡ ತಪ್ಪು.

ಆ ರಾತ್ರಿ ಇನ್ಫೊಸಿಸ್ ಕಥೆ ನೆನಪಾಯಿತು. 1981ರಲ್ಲಿ ಏಳು ಮಂದಿ ಪುಣೆಯಲ್ಲಿ ಶುರು ಮಾಡಿದ ಕಂಪನಿ 1983ರಲ್ಲಿ ಬೆಂಗಳೂರಿಗೆ ಬಂತು. ಶಿಡ್ಲಘಟ್ಟದಲ್ಲಿ ಹುಟ್ಟಿ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ನಾರಾಯಣ ಮೂರ್ತಿ ಅವರು ಒಂದು ಮಾತನ್ನು ಹೇಳುತ್ತಾ ಬಂದವರು: ನಮ್ಮ ಆಸ್ತಿ ಪ್ರತಿ ಸಂಜೆ ಗೇಟು ದಾಟಿ ಮನೆಗೆ ಹೋಗುತ್ತದೆ, ಅದು ಮರುದಿನ ಬೆಳಿಗ್ಗೆ ವಾಪಸ್ ಬರುವಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ. ಕಂಪನಿ ಅದನ್ನು ಮಾತಿನಲ್ಲೇ ಬಿಡಲಿಲ್ಲ. 1994ರಲ್ಲಿ ನೌಕರರಿಗೆ ಷೇರು ಕೊಡುವ ಯೋಜನೆ ತಂದಿತು. ಆರಿಸುವಾಗ ಗೊತ್ತಿರುವುದೆಷ್ಟು ಎನ್ನುವುದಕ್ಕಿಂತ ಕಲಿಯುವ ಶಕ್ತಿಗೆ, ಅಂದರೆ ಒಂದು ಕಡೆ ಕಲಿತದ್ದನ್ನು ಹೊಸ ಜಾಗದಲ್ಲಿ ಬಳಸುವ ಬುದ್ಧಿಗೆ ಒತ್ತು ಕೊಟ್ಟಿತು. ಹಾಗೆ ಆರಿಸಿದ ಹೊಸಬರನ್ನು ಕೆಲಸಕ್ಕೆ ಹಚ್ಚುವ ಮೊದಲು ಮೈಸೂರಿನ ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ಕೂರಿಸಿ ಕಲಿಸಿತು.

ಬೇಕರಿ ಮೇಲಿನ ಕಂಪನಿಗೆ ಷೇರು, ಕ್ಯಾಂಪಸ್ಸು ಎಲ್ಲ ಎಲ್ಲಿಂದ ಬರಬೇಕು? ಆದರೆ ಕಲಿಯುವವರನ್ನು ಹುಡುಕಲು, ವಾರಕ್ಕೆ ಅರ್ಧ ಗಂಟೆ ಕೊಡಲು ಬಂಡವಾಳ ಬೇಕಿಲ್ಲ.

ಮರುದಿನ ತುಮಕೂರಿನ ಹುಡುಗಿಗೆ ಫೋನ್ ಮಾಡಿದೆ. ಅವಳಿಗೆ ಯಶವಂತಪುರದಲ್ಲಿ ಕೆಲಸ ಸಿಕ್ಕಿ ಎರಡು ತಿಂಗಳಾಗಿತ್ತು. ಸಂತೋಷವೆಂದು ಹೇಳಿ ಇಡುವಷ್ಟರಲ್ಲಿ ಕೇಳಿದಳು: 'ಸರ್, ಅವತ್ತು ನಾನು ಎಲ್ಲಿ ತಪ್ಪಿದೆ ಅಂತ ಹೇಳ್ತೀರಾ? ತಿದ್ಕೋತೀನಿ.' ನನ್ನ ಬಳಿ ಉತ್ತರ ಇರಲಿಲ್ಲ. ಅವಳು ತಪ್ಪು ಮಾಡಿಯೇ ಇರಲಿಲ್ಲ. ಕಲಿಯುವ ಶಕ್ತಿ ಎಂದರೆ ಆ ಪ್ರಶ್ನೆಯೇ ಅಲ್ಲವೇ? ಅದು ನನ್ನ ಎದುರಿಗೇ ಕೂತಿತ್ತು, ನಾನು ಗುರುತಿಸಲಿಲ್ಲ.

ಈಗ ನಮ್ಮಲ್ಲಿ ಇಂಟರ್‌ವ್ಯೂಗೆ ಬಂದವರಿಗೆ ಮೊದಲು ಆ ಹಳೆಯ ಟಿಕೆಟ್ ಪುಟ. ಆಮೇಲೆ ಕನ್ನಡವೋ ಇಂಗ್ಲಿಷೋ, ಅವರಿಗೆ ಹಿಡಿಸಿದ್ದರಲ್ಲಿ ಮಾತು. ಇಂಗ್ಲಿಷ್ ಬೇಡ ಅಂತಲ್ಲ, ಗ್ರಾಹಕರೊಂದಿಗೆ ಮಾತಾಡಲು ಬೇಕೇ ಬೇಕು. ಅದನ್ನು ಆರು ತಿಂಗಳಲ್ಲಿ ಕಲಿಸಬಹುದು, ನಾನೂ ಇಲ್ಲೇ ಕಲಿತದ್ದು. ಆಯ್ಕೆಯಾಗದವರಿಗೂ ಏಕೆಂದು ಎರಡು ಸಾಲು ಬರೆದು ಕಳಿಸುತ್ತೇನೆ. ಶುಕ್ರವಾರದ ಅರ್ಧ ಗಂಟೆ ಮತ್ತೆ ಶುರುವಾಗಿದೆ.

ಕೆಲಸ ಹುಡುಕುತ್ತಿರುವ ಗೆಳೆಯರೇ, ಇಂಟರ್‌ವ್ಯೂ ಕೊನೆಯಲ್ಲಿ 'ನಿಮ್ಮದೇನಾದರೂ ಪ್ರಶ್ನೆ ಇದೆಯೇ' ಎಂದಾಗ ತಲೆಯಾಡಿಸಿ ಎದ್ದು ಬರಬೇಡಿ. ಮೂರು ಪ್ರಶ್ನೆ ಕೇಳಿ. ಮೊದಲ ಮೂರು ತಿಂಗಳು ನನಗೆ ಕಲಿಸುವವರು ಯಾರು? ನನ್ನ ಕೆಲಸ ಹೇಗಿದೆ ಎಂದು ಯಾರು, ಎಷ್ಟು ದಿನಕ್ಕೊಮ್ಮೆ ಹೇಳುತ್ತಾರೆ? ಈ ಜಾಗದಲ್ಲಿ ಮೊದಲಿದ್ದವರು ಏಕೆ ಬಿಟ್ಟರು? ಉತ್ತರ ಕೊಡುವವರ ಮುಖ ನೋಡಿದರೆ ಅರ್ಧ ತಿಳಿಯುತ್ತದೆ. ಅವರು ನಿಮ್ಮನ್ನು ಆರಿಸುವ ಹೊತ್ತಿಗೆ ನೀವೂ ಅವರನ್ನು ಆರಿಸುತ್ತಿರುತ್ತೀರಿ.

ಕೆಲಸ ಬದಲಿಸುವುದು ತಪ್ಪಲ್ಲ. ಪಿಎಫ್‌ನ ಯುಎಎನ್ ಸಂಖ್ಯೆ ಒಂದೇ ಇರುತ್ತದೆ, ಹಳೆಯ ಹಣವನ್ನು ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿಕೊಳ್ಳಬಹುದು. ಆದರೆ ಹೊರಡುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಇಲ್ಲಿ ಕಲಿಯುವುದು ಮುಗಿಯಿತೇ, ಇಲ್ಲಾ ಬರೀ ಬೇಸರವೇ? ನಾನು ಎರಡನೇ ವರ್ಷ ಬರೆದ ಹಾಳೆ ಇನ್ನೂ ಡ್ರಾಯರಿನಲ್ಲಿದೆ.

ಮೊನ್ನೆ ಶುಕ್ರವಾರ ನಮ್ಮ ಹೊಸ ಹುಡುಗ ಒಂದು ಕಡೆ 'ಇದು ಗೊತ್ತಾಗಲಿಲ್ಲ' ಎಂದು ಬರೆದಿದ್ದ. ಆ ಸಾಲಿನ ಮೇಲೆ ಬೆರಳಿಟ್ಟೆ. ನಗು ತಾನಾಗಿಯೇ ಬಂತು.