ಕಟ್ಟಿಗೆಯ ಲೆಕ್ಕದಿಂದ ಹುಟ್ಟಿದ ಒಲೆ

ದಾವಣಗೆರೆ, ಹರಿಹರದ ಮನೆಗಳಿಗೆ ಕೋಣೆ ಬೆಚ್ಚಗಿಡುವ ಒಲೆ ಬೇಕಾಗಿರಲಿಲ್ಲ. ಅಡುಗೆ ಬಿಟ್ಟರೆ ಬೆಂಕಿಗಿದ್ದ ದೊಡ್ಡ ಕೆಲಸ ಬಚ್ಚಲ ಹಂಡೆ ಕಾಯಿಸುವುದು. ತಾಮ್ರದ ಹಂಡೆ ಕೂರಿಸಿ, ಸುತ್ತ ಮಣ್ಣು ಮೆತ್ತಿ, ಕೆಳಗೊಂದು ಬಾಯಿ ಬಿಟ್ಟರೆ ಒಲೆ ಸಿದ್ಧ. ಹತ್ತಿಕಟ್ಟಿಗೆ, ಜೋಳದ ದಂಟು, ಜಾಲಿ, ತೆಂಗಿನ ಗರಿ ಎಲ್ಲ ಅದರ ಹೊಟ್ಟೆಗೆ. ಉರಿ ಅರ್ಧಕ್ಕರ್ಧ ಬಾಯಿಂದ ಆಚೆ ಚಾಚಿಕೊಳ್ಳುತ್ತಿತ್ತು. ನೀರು ಕಾಯುವ ಮೊದಲೇ ಊದುವವಳ ಕಣ್ಣು ಕೆಂಪಾಗುತ್ತಿತ್ತು.

ಹೀಗೆ ಪೋಲಾಗುವ ಕಾವನ್ನು ಅಳೆಯಲು ಹೊರಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಎ.ಕೆ.ಎನ್. ರೆಡ್ಡಿ 1974ರಲ್ಲಿ ಅಲ್ಲಿ ಹಳ್ಳಿಗೆ ಹೊಂದುವ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಕಾರ್ಯಕ್ಷೇತ್ರವಾಯಿತು. ಸುತ್ತಲ ಹಳ್ಳಿಗಳ ಮನೆಮನೆಗೆ ಹೋಗಿ, ಸೌದೆ ಯಾರು ತರುತ್ತಾರೆ, ಎಷ್ಟು ದೂರದಿಂದ, ಎಷ್ಟು ತೂಕ ಎಂದು ಬರೆದುಕೊಂಡರು. ಊರು ಬಳಸುವ ಶಕ್ತಿಯ ಸಿಂಹಪಾಲು ತಲೆಹೊರೆಯ ಸೌದೆಯಿಂದಲೇ ಬರುತ್ತಿತ್ತು. ವಿಜ್ಞಾನಿಗಳು ಅಡುಗೆಮನೆಯ ಬೂದಿಯ ಮುಂದೆ ಕೂತು ಲೆಕ್ಕ ಹಾಕಿದ್ದು ನನ್ನ ಮಟ್ಟಿಗೆ ರಾಕೆಟ್ ಹಾರಿಸಿದಷ್ಟೇ ದೊಡ್ಡ ಕೆಲಸ.

ಎಂಬತ್ತರ ದಶಕದ ಆರಂಭದಲ್ಲಿ ಎಸ್.ಎಸ್. ಲೋಕ್ರಾಸ್, ಕೆ.ಎಸ್. ಜಗದೀಶ್, ಸ್ವಾತಿ ಭೋಗ್ಲೆ ಮೊದಲಾದವರ ಕೈಯಲ್ಲಿ ಅಸ್ತ್ರ ಒಲೆ ರೂಪುಗೊಂಡಿತು. ಮೈ ಮಣ್ಣಿನದೇ. ಸಾಲಾಗಿ ಮೂರು ಕುಣಿ, ಪಾತ್ರೆ ಕೂತರೆ ಸುತ್ತ ಸಂದಿ ಉಳಿಯದಷ್ಟು ಬಿಗಿ. ಸೌದೆ ಉರಿಯುವುದು ಕಬ್ಬಿಣದ ಜಾಲರಿಯ ಮೇಲೆ. ಗಾಳಿ ಅಳತೆಯ ಕಿಂಡಿಗಳಿಂದ ಬರುತ್ತದೆ. ಬಿಸಿಗಾಳಿ ಮೊದಲ ಪಾತ್ರೆಗೆ ತಗುಲಿ, ಎರಡನೆಯದಕ್ಕೆ, ಮೂರನೆಯದಕ್ಕೆ ಹಾದು, ಕಾವು ಕೊಟ್ಟುಮುಗಿಸಿ ಕೊಳವೆಯಲ್ಲಿ ಮಾಡಿನಾಚೆ ಹೋಗುತ್ತದೆ. ಹಂಡೆಗೂ ಇದೇ ಸೂತ್ರ.

ಅದೇ ದಶಕದಲ್ಲಿ ಹರಿಹರದ ಸುತ್ತ ಕಟ್ಟಿಗೆಯ ಲೆಕ್ಕ ಬೇರೆ ರೀತಿ ನಡೆಯುತ್ತಿತ್ತು. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿದ್ದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ತಿರುಳಿನ ಮರ ಬೇಕಿತ್ತು. 1984ರಲ್ಲಿ ಸರ್ಕಾರ ಅದರೊಂದಿಗೆ ಕರ್ನಾಟಕ ಪಲ್ಪ್‌ವುಡ್ ಕಂಪನಿ ಸ್ಥಾಪಿಸಿ, ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯನ್ನು ನೀಲಗಿರಿಗೆಂದು ಗೊತ್ತುಮಾಡಿತು. ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ನೆಲವದು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಎಸ್.ಆರ್. ಹಿರೇಮಠರ ಮುಂದಾಳತ್ವದ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ಅದು. 1991ರಲ್ಲಿ ಕಂಪನಿ ಮುಚ್ಚಿತು. ಒಲೆ ಸುಧಾರಿಸುವುದಕ್ಕೂ ಈ ಹೋರಾಟಕ್ಕೂ ಹಿಂದಿದ್ದ ಚಿಂತೆ ಒಂದೇ: ನಾಳೆ ಒಲೆಗೆ ಏನಿಡುವುದು?

ಕೇಂದ್ರ ಸರ್ಕಾರದ ಸುಧಾರಿತ ಒಲೆ ಯೋಜನೆ ಎಂಬತ್ತರ ದಶಕದಲ್ಲಿ ಶುರುವಾಗಿ 2002ರವರೆಗೆ ನಡೆಯಿತು. ಇಂಥ ಯೋಜನೆಗಳಲ್ಲಿ ಒಲೆ ಕಟ್ಟಿದ್ದರ ಲೆಕ್ಕಕ್ಕೆ ಬೆಲೆ, ಆಮೇಲೆ ಅದರ ಗತಿ ಕೇಳುವವರಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ಹೊಗೆ ಮತ್ತೆ ಮನೆಗೇ ತಿರುಗುತ್ತದೆ. ಕುಣಿಯ ಅಂಚು ಒಡೆದಾಗ ಅದೇ ಅಳತೆಗೆ ಮೆತ್ತಬಲ್ಲ ಗಾರೆಯವನು ಊರಲ್ಲೇ ಇರಬೇಕು. ಅವನನ್ನು ತಯಾರು ಮಾಡದೆ ಒಲೆ ಹಂಚಿದರೆ ಅದು ಉಳಿಯದು.

ಸ್ವಾತಿ ಭೋಗ್ಲೆ 1993ರಲ್ಲಿ ‘ಟೈಡ್’ ಸಂಸ್ಥೆ ಕಟ್ಟಿ, ದಿನವಿಡೀ ಸೌದೆ ಉರಿಸುವ ಸಣ್ಣ ಉದ್ಯಮಗಳತ್ತ ಹೊರಳಿದರು. ಸೌದೆಗೆ ದುಡ್ಡು ಕೊಡುವವನಿಗೆ ಉಳಿತಾಯ ಕೂಡಲೇ ಕಾಣುತ್ತದೆ, ಒಲೆಯನ್ನೂ ಅವನೇ ರಿಪೇರಿ ಮಾಡಿಸುತ್ತಾನೆ. 2008ರಲ್ಲಿ ಸಂಸ್ಥೆಗೆ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ಚನ್ನಗಿರಿಯ ಅಡಿಕೆ ಬೇಯಿಸುವ ಹಂಡೆಗಳಿಗೂ, ಕಟ್ಟಿಗೆ ಉರಿಯಲ್ಲೇ ಬೆಣ್ಣೆ ದೋಸೆ ಹಾಕುವ ದಾವಣಗೆರೆಯ ಹೋಟೆಲುಗಳಿಗೂ ಈ ಒಲೆ ಒಪ್ಪುತ್ತದೆ. ಕಟ್ಟಿಸುವವರು ನೋಡಬೇಕಾದ್ದು ಇಷ್ಟು: ಪಾತ್ರೆ ಬಿಗಿಯಾಗಿ ಕೂರಬೇಕು, ಸೌದೆಯ ಅಡಿಯಲ್ಲಿ ಜಾಲರಿ ಇರಬೇಕು, ಕೊಳವೆ ಮಾಡಿಗಿಂತ ಎತ್ತರವಿದ್ದು ಮಸಿ ತೆಗೆಯಲು ಕೈಗೆ ಸಿಗಬೇಕು, ಕಟ್ಟಿಗೆ ಚೆನ್ನಾಗಿ ಒಣಗಿರಬೇಕು.