ಉಜ್ಜಿದರೆ ಚರ್ಮ ಬದಲಿಸುವ ಲೋಹ

ಮಳವಳ್ಳಿಯ ಓದುಗರೊಬ್ಬರು ಕೇಳಿದ್ದಾರೆ: "ನಮ್ಮವ್ವನಿಗೆ ಸೊಂಟದ ಕೀಲು ಬದಲಿಸಿದರು. ಮೂಳೆಯೊಳಗೆ ಕೂರಿಸಿದ ಕಡ್ಡಿ ಟೈಟಾನಿಯಂ, ತುದಿಯ ಗುಂಡು ಮಾತ್ರ ಪಿಂಗಾಣಿಯದಂತೆ. ಅಷ್ಟು ಗಟ್ಟಿ ಲೋಹ ಇರುವಾಗ ಪಿಂಗಾಣಿ ಯಾಕೆ ಸಾರ್?"

ಎಂಥ ಒಳ್ಳೆಯ ಪ್ರಶ್ನೆ! ಟೈಟಾನಿಯಂ ತುಕ್ಕು ಹಿಡಿಯದು, ನಿಜ. ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಅದನ್ನು ಕಾಯುತ್ತದೆ. ಆದರೆ ಉಜ್ಜಾಟ ಅದಕ್ಕೆ ಆಗಿಬರುವುದಿಲ್ಲ. ಹಿಂದೆ ಟೈಟಾನಿಯಂ ಮಿಶ್ರಲೋಹದ ಗುಂಡುಗಳನ್ನೇ ಹಾಕಿ ನೋಡಿದ್ದರು. ಅವು ಸವೆದು ಸುತ್ತಲಿನ ಮಾಂಸವೇ ಕಪ್ಪಿಟ್ಟಿತು. ಇನ್ನು ಕೀಲುನೋವಿಗೆಂದು ಟೈಟಾನಿಯಂ ಕಡಗ ಮಾರುವವರ ಮಾತು ಬೇಡವೇ ಬೇಡ. ಕೈಗೆ ಕಟ್ಟಿದ ಲೋಹ ಮಂಡಿಯೊಳಗೆ ಏನೂ ಮಾಡದು. ಆ ದುಡ್ಡಲ್ಲಿ ಮೂಳೆ ವೈದ್ಯರನ್ನು ಕಾಣಿ.

ಮದ್ದೂರಿನ ಹತ್ತಿರದ ಆಲೆಮನೆಯಲ್ಲಿ ಗಾಣದ ಶಾಫ್ಟ್ ಬಿಚ್ಚಿಟ್ಟಿದ್ದನ್ನು ನೋಡಿದ್ದೇನೆ. ಬುಷ್‌ನೊಳಗೆ ತಿರುಗಿದ ಜಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಗ್ರೀಸ್ ಇದ್ದರೆ ಉಕ್ಕು ಹಾಗೆ ನುಣುಪಾಗುತ್ತದೆ. ಆದರೆ ಟೈಟಾನಿಯಂ ಬೋಲ್ಟಿಗೆ ಟೈಟಾನಿಯಂ ನಟ್ಟನ್ನು ಎಣ್ಣೆಯಿಲ್ಲದೆ ಬಿಗಿಸಿ ನೋಡಿದೆ, ಅರ್ಧದಲ್ಲೇ ಕಚ್ಚಿಕೊಂಡಿತು. ಕೊಯ್ದು ಮಸೂರದಡಿ ಹಿಡಿದರೆ, ಥ್ರೆಡ್ಡಿನ ಮೇಲೆ ಕಿತ್ತುಬಂದ ಲೋಹ ಮೆತ್ತಿದ ಹಾಗೆ ಅಂಟಿತ್ತು.

ನಿಜವಾದ ಸೋಜಿಗ ಮಸೂರಕ್ಕೂ ಕಾಣದು. ಕೀಲಿಗೆ ಹೆಚ್ಚಾಗಿ ಬಳಸುವ ಟೈಟಾನಿಯಂ ಮಿಶ್ರಲೋಹದಲ್ಲಿ ನೂರಕ್ಕೆ 6 ಪಾಲು ಅಲ್ಯೂಮಿನಿಯಂ, 4 ಪಾಲು ವೆನೇಡಿಯಂ. ಅದರ ಒಂದೊಂದು ಹರಳು ಕೆಲವು ಮೈಕ್ರೊಮೀಟರ್ ಅಗಲ. ಉಜ್ಜಿದಾಗ ಒಳಗಿನ ಹರಳುಗಳು ಉಜ್ಜಿದ ದಿಕ್ಕಿಗೇ ಬಾಗುತ್ತವೆ, ಬಿರುಗಾಳಿಗೆ ಗದ್ದೆಯ ಭತ್ತ ಒಂದೇ ಕಡೆ ಮಲಗಿದಂತೆ. ತೀರ ಮೇಲಿನವು ನುಚ್ಚಾಗಿ ನ್ಯಾನೊಮೀಟರುಗಳ ಲೆಕ್ಕಕ್ಕೆ ಇಳಿದುಬಿಡುತ್ತವೆ. ಮುದ್ದೆ ಕೋಲಿನಲ್ಲಿ ಹಿಟ್ಟು ತಿರುವಿದ ಹಾಗೆ, ಗಾಳಿಯ ಆಮ್ಲಜನಕವೂ ಎದುರಿನ ಲೋಹದ ಪುಡಿಯೂ ಅದರೊಳಕ್ಕೆ ಕಲೆಸಿಹೋಗುತ್ತವೆ. ಹೀಗೆ ಹುಟ್ಟಿದ ಹೊಸ ಚರ್ಮ ಮೂಲ ಲೋಹಕ್ಕಿಂತ ಗಡುಸು! ಗಡುಸಿನ ಜೊತೆ ಪೆಡಸುತನವೂ ಬರುತ್ತದೆ. ಅಡಿಯಲ್ಲಿ ಬಿರುಕು ಬಿಟ್ಟರೆ ಚಕ್ಕೆಯಾಗಿ ಏಳುತ್ತದೆ. ಎದ್ದ ಚಕ್ಕೆಯೇ ಉಪ್ಪುಕಾಗದದಂತೆ ಉಜ್ಜತೊಡಗುತ್ತದೆ.

ಶಾಖ ಸಾಗಿಸುವುದರಲ್ಲಿ ಈ ಮಿಶ್ರಲೋಹ ಕಬ್ಬಿಣದ ಹತ್ತನೇ ಒಂದು ಪಾಲೂ ಇಲ್ಲ. ಹಾಗಾಗಿ ಉಜ್ಜಾಟದ ಬಿಸಿಯೆಲ್ಲ ಮೇಲೇ ನಿಂತು ಆಕ್ಸೈಡ್ ಬೇಗ ಬೆಳೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಟೈಟಾನಿಯಂ ಕಡ್ಡಿಯನ್ನು ತಿರುಗುವ ತಟ್ಟೆಗೆ ಒತ್ತಿ, ಗಾಳಿಯಲ್ಲೂ ನಿರ್ವಾತದಲ್ಲೂ ಉಜ್ಜಿ ಪರೀಕ್ಷಿಸಿದ್ದಾರೆ. ಸವೆತದಲ್ಲಿ ಆಮ್ಲಜನಕದ ಪಾಲೆಷ್ಟು, ಲೋಹ ರೂಪಗೆಡುವ ವೇಗದ ಪಾಲೆಷ್ಟು ಅನ್ನುವುದು ಅವರ ಹುಡುಕಾಟ.

ನಿಮ್ಮ ತಾಯಿಯ ಕಡ್ಡಿ ಯಾವುದಕ್ಕೂ ಉಜ್ಜಬೇಕಾಗಿಲ್ಲ. ಮೂಳೆ ಬೆಳೆದು ಅದನ್ನು ಅಪ್ಪಿ ಹಿಡಿಯುತ್ತದೆ. ದಿನವಿಡೀ ತಿರುಗುವ ಕೆಲಸ ಪಿಂಗಾಣಿಯದು.