ರಾತ್ರಿ ಶಾಲೆಯ ಊರಿನಲ್ಲಿ ಈಗ ಆನ್‌ಲೈನ್ ಸಂಶೋಧನಾ ಪಾಠ

ಮುಂಬಯಿ: ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ತುಳು-ಕನ್ನಡಿಗರ ಕತೆ ಈ ಮಹಾನಗರಕ್ಕೆ ಹೊಸದಲ್ಲ. ಅಂಥವರ ಮಕ್ಕಳು, ಮೊಮ್ಮಕ್ಕಳು ಈಗ ಸ್ನಾತಕೋತ್ತರ ಪದವಿ ಮುಗಿಸಿ ಪಿಎಚ್.ಡಿ.ಯತ್ತ ಮುಖ ಮಾಡಿದ್ದಾರೆ. ಆದರೆ ಪರೀಕ್ಷೆಗೆ ಉತ್ತರ ಬರೆದು ಪಳಗಿದ ಕೈ, ತಾನೇ ಪ್ರಶ್ನೆ ಹಾಕಿಕೊಂಡು ಪ್ರಬಂಧ ಬರೆಯಬೇಕಾದಾಗ ತಡವರಿಸುತ್ತದೆ. ನೌಕರಿ ಮಾಡುತ್ತ ಓದುವವರಿಗೆ ಇದನ್ನು ಹೇಳಿಕೊಡುವವರೂ ಸುಲಭವಾಗಿ ಸಿಗುವುದಿಲ್ಲ.

ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸಬಲ್ಲುದು, ಕೇಂದ್ರ ಸರಕಾರ 2017ರ ಜುಲೈಯಲ್ಲಿ ಆರಂಭಿಸಿದ ‘ಸ್ವಯಂ’ ಆನ್‌ಲೈನ್ ಶಿಕ್ಷಣ ವ್ಯವಸ್ಥೆ. ಉತ್ತರಾಖಂಡದ ಹೇಮವತಿ ನಂದನ ಬಹುಗುಣ ಗಢವಾಲ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಇದರಲ್ಲಿ ‘ಅಕಾಡೆಮಿಕ್ ರೈಟಿಂಗ್’ ಎಂಬ ಪಾಠಕ್ರಮವನ್ನೇ ನಡೆಸಿಕೊಟ್ಟಿದ್ದಾರೆ. ಪಾಠ ಕೇಳಲು ಶುಲ್ಕವಿಲ್ಲ. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು.

ಇಂಥ ಪಾಠಗಳಲ್ಲಿ ಮೊದಲು ಕಲಿಯುವುದು ವಿಷಯವನ್ನು ಕಿರಿದುಗೊಳಿಸುವುದು. ‘ಮುಂಬಯಿ ಕನ್ನಡಿಗರು’ ಎಂದರೆ ಅದು ಸಂಶೋಧನೆಯ ವಿಷಯವಾಗದು. ‘1950ರಿಂದ 1970ರವರೆಗೆ ಫೋರ್ಟ್ ಪರಿಸರದ ರಾತ್ರಿ ಶಾಲೆಗಳಲ್ಲಿ ಕಲಿತ ಹೋಟೆಲ್ ಕಾರ್ಮಿಕರು’ ಎಂದರೆ ಆದೀತು. ಆಗ ಏನನ್ನು ಹುಡುಕಬೇಕೆಂಬುದೂ ತಿಳಿಯುತ್ತದೆ: ಶಾಲೆಯ ದಾಖಲೆ ಪುಸ್ತಕ, ಸಂಘಗಳ ಸ್ಮರಣ ಸಂಚಿಕೆ, ಹಿರಿಯರ ನೆನಪು. ಈ ವಿಷಯದಲ್ಲಿ ಹಿಂದೆ ಯಾರು ಏನು ಬರೆದಿದ್ದಾರೆಂದು ನೋಡಲು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಇದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳನ್ನು, ಕನ್ನಡದವನ್ನೂ, ಮನೆಯಲ್ಲೇ ಕುಳಿತು ಉಚಿತವಾಗಿ ಓದಬಹುದು.

ಎರಡನೆಯದು, ತನ್ನ ಮಾತು ಯಾವುದು, ಇತರರದು ಯಾವುದು ಎಂದು ಸ್ಪಷ್ಟವಾಗಿ ತೋರಿಸುವುದು. ಪುಸ್ತಕದ ವಾಕ್ಯದಲ್ಲಿ ಎರಡು ಪದ ಬದಲಿಸಿದರೆ ಅದು ನಮ್ಮದಾಗುವುದಿಲ್ಲ. ಯುಜಿಸಿಯ 2018ರ ನಿಯಮದಂತೆ, ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ. 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ. 60 ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ವರ್ಷಗಟ್ಟಲೆ ಪಟ್ಟ ಶ್ರಮ ಅಜ್ಞಾನದಿಂದ ಮಣ್ಣುಪಾಲಾಗಬಾರದು.

ಹಾಗೆಂದು ಆನ್‌ಲೈನ್ ಪಾಠವೇ ಎಲ್ಲವೂ ಅಲ್ಲ. ಬರೆದುದನ್ನು ಓದಿ, ಕೆಂಪು ಶಾಯಿಯಲ್ಲಿ ತಿದ್ದುವ ಗುರುಗಳು ಬೇಕೇ ಬೇಕು. ಇಲ್ಲಿ ನಮ್ಮ ಸಂಘ-ಸಂಸ್ಥೆಗಳಿಗೂ ಕೆಲಸವಿದೆ. ಸಭಾಗೃಹದ ಒಂದು ಕೋಣೆಯನ್ನು ರವಿವಾರ ಸಂಶೋಧನಾರ್ಥಿಗಳಿಗೆ ಬಿಟ್ಟುಕೊಟ್ಟು, ನಿವೃತ್ತ ಪ್ರಾಧ್ಯಾಪಕರನ್ನು ಆಮಂತ್ರಿಸಬಹುದು. ಕಪಾಟಿನ ಹಳೆಯ ಸ್ಮರಣ ಸಂಚಿಕೆಗಳು ರದ್ದಿಗೆ ಹೋಗದಂತೆ ಕಾಯಬಹುದು. ರಾತ್ರಿ ಶಾಲೆಯಲ್ಲಿ ಕಲಿತ ಹಿರಿಯರು ನಮ್ಮನ್ನಗಲುತ್ತಿದ್ದಾರೆ. ಅವರ ಮಾತನ್ನು ಕೇಳಿ, ಶಾಸ್ತ್ರೀಯವಾಗಿ ಬರೆದಿಡುವ ಹೊಣೆ ಆನ್‌ಲೈನಿನಲ್ಲಿ ಕಲಿಯುತ್ತಿರುವ ಅವರ ಮೊಮ್ಮಕ್ಕಳದ್ದು.